ಆದವಾನಿಯ ದುರ್ಗವೂ ಬಂದೂಕಿನ ಆಟವೂ

ತುಂಗಭದ್ರೆಯು ರಾಯಚೂರು ಸೀಮೆಯನ್ನು ತನ್ನ ಎಡಕ್ಕೂ ಆದವಾನಿ ಸೀಮೆಯನ್ನು ಬಲಕ್ಕೂ ಇರಿಸಿಕೊಂಡು ಮೂಡಣ ದಿಕ್ಕಿಗೆ ಸಾಗುವ ಎಡೆಯಲ್ಲಿ, ಮಂತ್ರಾಲಯಕ್ಕೆ ಅನತಿದೂರದಲ್ಲಿ, ಮಾಧವರಂ ಎಂಬ ಗ್ರಾಮವಿದೆ. ಶ್ರೀ ರಾಘವೇಂದ್ರಸ್ವಾಮಿಗಳ ಬೃಂದಾವನಕ್ಕೆ ಬೇಕಾದ ಶಿಲೆಯನ್ನು ಈ ಊರಿನಿಂದಲೇ ತಂದರೆಂದೂ, ಆ ಶಿಲೆಯ ಮೇಲೆ ಹಿಂದೆ ಶ್ರೀರಾಮಚಂದ್ರನು ಕುಳಿತು ವಿಶ್ರಮಿಸಿದ್ದನೆಂದೂ ಐತಿಹ್ಯವಿರುವುದರಿಂದ, ಯಾತ್ರಿಕರಲ್ಲಿ ಬಲ್ಲವರು ಇದರ ಹೆಸರನ್ನು ಭಕ್ತಿಯಿಂದ ಸ್ಮರಿಸುತ್ತಾರೆ. ಉಳಿದವರು ಹೊಳೆಯನ್ನು ಕಂಡು ಕೈಮುಗಿದು ಮುಂದೆ ಸಾಗುತ್ತಾರೆ. ಆದರೆ ಭೂಪಟವನ್ನು ಯಾತ್ರಿಕನ ಕಣ್ಣಿನಿಂದಲ್ಲದೆ ದಂಡನಾಯಕನ ಕಣ್ಣಿನಿಂದ ನೋಡಿದವನಿಗೆ ಈ ದಡದ ಅರ್ಥವೇ ಬೇರೆ. ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ, ನಡುವೆ ರಾಯಚೂರು ಮುದಗಲ್ಲುಗಳ ಅಂತರ್ವೇದಿ. ಅದನ್ನು ದಾಟಿ ತೆಂಕಣಕ್ಕೆ ಇಳಿಯುವ ಸೇನೆಗೆ ಇದಿರಾಗಿ ನಿಂತಿದ್ದ ಮಹಾದುರ್ಗ ಆದವಾನಿ. ತೆಂಕಣದಿಂದ ಹೊಳೆ ದಾಟಿ ಬಡಗಣಕ್ಕೆ ಏರಿದ ಸೇನೆಯು ಬೆನ್ನ ಕಾಪಾಗಿ ನಂಬಿ ಹೋಗುತ್ತಿದ್ದುದೂ ಆ ಆದವಾನಿಯನ್ನೇ.

ಆದವಾನಿ ಊರಿನ ಪಶ್ಚಿಮಕ್ಕೆ ಬರಿಯ ಹೆಬ್ಬಂಡೆಗಳ ರಾಶಿಯಂತೆ ಎದ್ದಿರುವ ಆ ಬೆಟ್ಟಗಳಲ್ಲಿ ಅತ್ಯುನ್ನತವಾದುವು ಸುತ್ತಣ ಎರೆಯ ಬಯಲಿಗಿಂತ ಸುಮಾರು 800 ಅಡಿ ಎತ್ತರವಾಗಿವೆ. ಬಾರಾಕಿಲ್ಲಾ ಎಂಬ ಶಿಖರದ ನಡುಮಟ್ಟದಲ್ಲಿ ಒಂದು ಕೆರೆಯುಂಟು. ಅದರ ನೀರು ಎಂದಿಗೂ ಬತ್ತದೆಂದು ಜನರ ನಂಬುಗೆ. ಆದವಾನಿ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟುವತನಕ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಗಡಿ ಬದಲಾದರೂ ಕೌತಾಳ, ಹೊಳಗುಂದಿ, ಮಾಧವರಂಗಳ ಕಡೆ ಕನ್ನಡದ ಮಾತು ಮನೆಗಳನ್ನು ಬಿಟ್ಟು ಹೋಗಿಲ್ಲ.

ಇಂತಹ ಸೀಮೆಯ ತರುಣರೂ ಇಂದು, ನಾಡಿನ ಎಲ್ಲ ತರುಣರಂತೆ, ಅಂಗೈಯಗಲದ ಮೊಬೈಲಿನಲ್ಲಿ ಬಂದೂಕಿನ ಯುದ್ಧವನ್ನು ಆಡುತ್ತಾರೆ. ನೂರು ಮಂದಿ ವಿಮಾನದಿಂದ ಎಂಟು ಕಿಲೋಮೀಟರ್ ಉದ್ದಗಲದ ದ್ವೀಪವೊಂದಕ್ಕೆ ಧುಮುಕುತ್ತಾರೆ. ಬಿದ್ದಲ್ಲಿ ದೊರೆತ ಬಂದೂಕನ್ನು ಎತ್ತಿಕೊಳ್ಳುತ್ತಾರೆ. ಅರ್ಧ ಗಂಟೆಯೊಳಗಾಗಿ ಒಬ್ಬನೋ ಒಂದು ತಂಡವೋ ಉಳಿಯುತ್ತದೆ, ಮಿಕ್ಕವರು ಮಡಿಯುತ್ತಾರೆ. ಒಡನೆಯೇ ಎಲ್ಲರೂ ಮತ್ತೆ ಜೀವಂತರಾಗಿ ಅದೇ ವಿಮಾನವನ್ನು ಏರುತ್ತಾರೆ. ಪಬ್ಜಿ ಎಂದು ಹಳ್ಳಿಹಳ್ಳಿಗೂ ಪರಿಚಿತವಾದ ಈ ಆಟವನ್ನು ಭಾರತ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ಇತರ ನೂರಕ್ಕೂ ಹೆಚ್ಚು ಆ್ಯಪ್‌ಗಳೊಡನೆ ನಿಷೇಧಿಸಿತು. ಮರುವರ್ಷದ ಜುಲೈನಲ್ಲಿ ಅದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೊಸ ನಾಮಧೇಯದಿಂದ ಹಿಂದಿರುಗಿತು. ನನಗಿಲ್ಲಿ ಪ್ರಸ್ತುತವಾದುದು ನಿಷೇಧದ ವಿಚಾರವಲ್ಲ. ಆ ದ್ವೀಪದಲ್ಲಿ ಬಂದೂಕುಗಳು ಬೀಡಾಗಿ ಬಿದ್ದಿರುತ್ತವೆಯೆ ಹೊರತು ಅವನ್ನು ಎರಕ ಹೊಯ್ದವನಿಲ್ಲ, ನೂರು ಮಂದಿ ಓಡಾಡಿದರೂ ಒಬ್ಬನಿಗೂ ಹಸಿವೆಯಿಲ್ಲ, ಮನೆಗಳಿವೆ, ಒಕ್ಕಲಿಲ್ಲ, ಮೈತ್ರಿಯಿಲ್ಲ, ದೂತನಿಲ್ಲ, ಮಳೆಗಾಲವಿಲ್ಲ. ಸಾವಿರಾರು ಜನರು ಏಕಕಾಲದಲ್ಲಿ ಆಡುವ ಬಂದೂಕಿನ ಆಟಗಳೊಳಗೆ ರಾಜ್ಯತಂತ್ರದ ಗಹನತೆಯನ್ನು ತುಂಬುವುದು ಹೇಗೆಂಬ ಪ್ರಶ್ನೆಯನ್ನು ಆಟವನ್ನು ಕಟ್ಟುವವರೂ ಆಡುವವರೂ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಚರ್ಚಿಸುತ್ತ ಬಂದಿದ್ದಾರೆ. ಆದವಾನಿಯ ನಾಲ್ಕೈದು ಶತಮಾನಗಳ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಆ ಪ್ರಶ್ನೆಗೆ ಉತ್ತರ ಹುಡುಕಲು ಬಹುದೂರ ಹೋಗಬೇಕಾಗಿಲ್ಲವೆಂದು ನನಗೆ ತೋರುತ್ತದೆ.

ನಮ್ಮ ಪೂರ್ವಿಕರಲ್ಲಿ ರಾಜ್ಯಶಾಸ್ತ್ರವನ್ನು ಬರೆದವರು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದರಷ್ಟೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಕೌಟಿಲ್ಯನ ಈ ಎಣಿಕೆಯಲ್ಲಿ ದಂಡವೆಂಬ ಸೈನ್ಯವು ಬರುವುದು ಆರನೆಯದಾಗಿ; ಅದಕ್ಕೆ ಮುನ್ನ ಒಕ್ಕಲುಮಕ್ಕಳು ಬರುತ್ತಾರೆ, ಬೊಕ್ಕಸ ಬರುತ್ತದೆ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸವನ್ನು ರಚಿಸಿದಾಗ ರಾಜ್ಯಾಂಗಗಳ ವಿಷಯವನ್ನೂ ಚತುರಂಗದಾಟದ ವಿಷಯವನ್ನೂ ಒಂದೇ ಗ್ರಂಥದಲ್ಲಿ ಸೇರಿಸಿದನು. ಬಂದೂಕಿನ ಆಟವು ಈ ಏಳರಲ್ಲಿ ದಂಡವೊಂದನ್ನೇ ಕತ್ತರಿಸಿ ತೆಗೆದು, ಆ ದಂಡದಲ್ಲಿಯೂ ಒಬ್ಬ ಕಾಲಾಳಿನ ಕಣ್ಣು ಮತ್ತು ಬೆರಳು ಇಷ್ಟನ್ನೇ ಉಳಿಸಿಕೊಂಡ ಆಟ. ಉಳಿದ ಆರು ಅಂಗಗಳು ಕೈಬಿಟ್ಟುಹೋದರೆ ಆ ಬೆರಳಿನ ಗತಿ ಏನಾಗುತ್ತದೆಂಬುದಕ್ಕೆ ಆದವಾನಿಯೇ ಸಾಕ್ಷಿ.

ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಷಹನಿಗೂ ವಿಜಯನಗರದ ಬುಕ್ಕರಾಯನಿಗೂ 1366ರ ಹೊತ್ತಿಗೆ ಹೊತ್ತಿದ ಯುದ್ಧದ ಕಾರಣವನ್ನು ಫೆರಿಸ್ತಾ ಎಂಬ ಇತಿಹಾಸಕಾರನು ಸ್ವಾರಸ್ಯವಾಗಿ ಹೇಳುತ್ತಾನೆ. ಗಾಯಕರ ಹಾಡಿಗೆ ಮೆಚ್ಚಿದ ಸುಲ್ತಾನನು ಅವರಿಗೆ ಕೊಡತಕ್ಕ ಸಂಭಾವನೆಯನ್ನು ವಿಜಯನಗರದ ಬೊಕ್ಕಸದ ಮೇಲೆ ಹುಂಡಿ ಬರೆದು ಕೊಟ್ಟನಂತೆ. ಹುಂಡಿಯನ್ನು ತಂದ ದೂತನನ್ನು ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿ ಅಟ್ಟಿದ ರಾಯನು ಹೊಳೆ ದಾಟಿ ಮುದಗಲ್ಲನ್ನು ಹಿಡಿದನಂತೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಅದರ ಒಳದನಿಯಂತೂ ನಿಜ: ಜಗಳ ಹುಟ್ಟಿದ್ದು ಕೋಶದಲ್ಲಿ, ಯಾರ ಬೊಕ್ಕಸದ ಮೇಲೆ ಯಾರ ಅಧಿಕಾರವೆಂಬುದರಲ್ಲಿ. ಸುಲ್ತಾನನು ಕೃಷ್ಣೆಯನ್ನು ದಾಟಿ, ಮಳೆಗಾಲವನ್ನು ಮುದಗಲ್ಲಿನಲ್ಲಿ ಕಳೆದು, ಅನಂತರ ತುಂಗಭದ್ರೆಯನ್ನೂ ದಾಟಿ ಆದವಾನಿಯ ಸೀಮೆಗೆ ಬಂದನು. ಕೌತಾಳದ ಬಳಿ ಘೋರಯುದ್ಧವಾಯಿತು. ಆ ಯುದ್ಧದಲ್ಲಿ ಫಿರಂಗಿಗಳು ಮೊಳಗಿದುವೆಂದು ಫೆರಿಸ್ತಾ ಬರೆದಿರುವುದನ್ನು, ಅವನು ಎರಡು ಶತಮಾನಗಳಿಗೂ ಮಿಕ್ಕು ಆಮೇಲೆ ಬರೆದವನಾದುದರಿಂದ, ವಿದ್ವಾಂಸರು ಸಂದೇಹದಿಂದ ನೋಡುತ್ತಾರೆ. ಗುಂಡು ಹಾರಿತೋ ಇಲ್ಲವೋ, ಅದರ ತರುವಾಯ ನಡೆದ ಸಂಗತಿಯು ಗುಂಡಿಗಿಂತ ದೊಡ್ಡದು: ಲೆಕ್ಕವಿಲ್ಲದ ನಿರಾಯುಧರ ಹತ್ಯೆಯಾದ ಮೇಲೆ, ಇನ್ನು ಮುಂದೆ ಯುದ್ಧದಲ್ಲಿ ಸೆರೆಸಿಕ್ಕವರನ್ನೂ ಆಯುಧ ಹಿಡಿಯದವರನ್ನೂ ಕೊಲ್ಲಬಾರದೆಂದು ಎರಡು ರಾಜ್ಯಗಳವರೂ ಒಪ್ಪಂದಕ್ಕೆ ಬಂದರೆಂದು ಅವನೇ ಹೇಳುತ್ತಾನೆ.

ಮಹಮ್ಮದ್ ಷಹನ ಮಗ ಮುಜಾಹಿದ್ ಷಹನ ಕಥೆಯಲ್ಲಿ ಆದವಾನಿಯೇ ಮುಖ್ಯಪಾತ್ರ. 1375ರಿಂದ 1378ರವರೆಗೆ ಆಳಿದ ಈ ತರುಣನು ಮೈಬಲಕ್ಕೆ ಹೆಸರಾದವನು. ತುಂಗಭದ್ರೆಯೇ ಎರಡು ರಾಜ್ಯಗಳಿಗೂ ಎಲ್ಲೆಯಾಗಲೆಂದು ಅವನು ಕೇಳಿದರೆ, ಕೃಷ್ಣೆಯೇ ಎಲ್ಲೆಯೆಂದು ವಿಜಯನಗರವು ಉತ್ತರಿಸಿತು. ಸುಲ್ತಾನನು ಹೊಳೆ ದಾಟಿ ಬಂದು, ಕೊನೆಗೆ ಆದವಾನಿಗೆ ಮುತ್ತಿಗೆ ಹಾಕಿ ಒಂಬತ್ತು ತಿಂಗಳು ಕುಳಿತನು. ಕೋಟೆಯೊಳಗೆ ನೀರು ಮುಗಿಯುತ್ತ ಬಂದಿತು. ಇನ್ನೇನು ಬಾಗಿಲು ತೆರೆಯಬೇಕು ಎನ್ನುವ ಹೊತ್ತಿಗೆ ಮಳೆ ಹಿಡಿಯಿತು. ಬೆಟ್ಟದ ಮೇಲಿನವರಿಗೆ ಅಮೃತವಾದ ಅದೇ ಮಳೆಯು ಬಯಲಿನಲ್ಲಿ ಡೇರೆ ಹೂಡಿದ್ದವರಿಗೆ ರಕ್ತಭೇದಿಯನ್ನೂ, ದವಸ ಬರುವ ಹಾದಿಗಳು ಕೆಸರಾಗಿ ಹೋದುದರಿಂದ ಕ್ಷಾಮವನ್ನೂ ತಂದಿತು. ಆಗ ವೃದ್ಧ ಮಂತ್ರಿಯಾದ ಸೈಫುದ್ದೀನ್ ಘೋರಿಯು, ಎರಡು ನದಿಗಳ ನಡುವಣ ಕೋಟೆಗಳನ್ನು ಮೊದಲು ವಶಪಡಿಸಿಕೊಳ್ಳದೆ ಆದವಾನಿಗೆ ಕೈಹಾಕುವುದು ಸಲ್ಲದೆಂದು ಅರಿಕೆ ಮಾಡಿದನೆಂದೂ, ಸುಲ್ತಾನನು ಮುತ್ತಿಗೆಯನ್ನು ತೆಗೆದು ಹಿಂದಿರುಗಿದನೆಂದೂ ಫೆರಿಸ್ತಾನಿಂದ ತಿಳಿಯುತ್ತದೆ. ಹಿಂದಿರುಗುವ ದಾರಿಯಲ್ಲಿ ತನ್ನ ಚಿಕ್ಕಪ್ಪನ ಸಂಚಿಗೆ ಸಿಕ್ಕಿ ಅವನು ಕೊಲೆಯಾದನು. ಇಡೀ ಪ್ರಸಂಗವನ್ನು ಓದುವಾಗ ಗಮನಕ್ಕೆ ಬರುವುದೇನೆಂದರೆ, ಒಂಬತ್ತು ತಿಂಗಳಲ್ಲಿ ಎಷ್ಟು ಬಾಣಗಳು ಹಾರಿದುವೆಂಬುದು ಯಾರಿಗೂ ಮುಖ್ಯವಾಗಲಿಲ್ಲ. ಬಂಡೆಯ ನಡುವಿನ ಕೆರೆಯಲ್ಲಿ ನೀರು ಎಷ್ಟು ಮೊಳ ಉಳಿದಿತ್ತೆಂಬುದೇ ಮುಖ್ಯವಾಯಿತು. ಜಯಾಪಜಯಗಳನ್ನು ತೀರ್ಮಾನಿಸಿದ್ದು ನಕ್ಷತ್ರದ ಮಳೆ.

ಹಾಗಾದರೆ ಗುರಿಕಾರನಿಗೆ ಬೆಲೆಯೇ ಇಲ್ಲವೆ ಎಂದು ಕೇಳಬಹುದು. ಉಂಟು, ಅದನ್ನು ತೋರಿಸಲು ಹೊಳೆಯ ಆಚೆಯ ದಡಕ್ಕೆ, 1520ರ ರಾಯಚೂರಿಗೆ ಹೋಗಬೇಕು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜನು ಬರೆದಿಟ್ಟು, ರಾಬರ್ಟ್ ಸಿವೆಲ್ಲನು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ವೃತ್ತಾಂತದ ಪ್ರಕಾರ, ಅಲ್ಲಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಆದಿಲ್ ಷಹನಿಗೂ ನಡೆದ ಯುದ್ಧದ ನೆಪವೂ ಹಣವೇ: ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು ಕೊಟ್ಟ ನಲವತ್ತು ಸಾವಿರ ಹೊನ್ನನ್ನು ಎತ್ತಿಕೊಂಡು ವರ್ತಕನೊಬ್ಬನು ಬಿಜಾಪುರದ ಆಶ್ರಯಕ್ಕೆ ಓಡಿಹೋದನು, ರಾಯನು ಮರಳಿಸೆಂದರೆ ಆದಿಲ್ ಷಹನು ಮರಳಿಸಲಿಲ್ಲ. ರಾಯನ ದಂಡಿನಲ್ಲಿ 7,03,000 ಕಾಲಾಳುಗಳೂ 32,600 ಕುದುರೆಗಳೂ 551 ಆನೆಗಳೂ ಇದ್ದುವೆಂದು ನ್ಯೂನಿಜನ ಎಣಿಕೆ. ಈ ಸಂಖ್ಯೆಯನ್ನು ನಂಬುವುದು ಕಷ್ಟ. ಆದರೆ ಅವನು ಅದರೊಡನೆ ಹೇಳುವ ಇನ್ನೊಂದು ಸಂಗತಿಯನ್ನು ನಂಬದಿರುವುದು ಅದಕ್ಕಿಂತ ಕಷ್ಟ. ದಾರಿಯುದ್ದಕ್ಕೂ ಬಾಯಾರಿದವರಿಗೆ ನೀರು ಕೊಡುವುದಕ್ಕಾಗಿಯೇ ತೊಗಲಿನ ಚೀಲಗಳನ್ನು ಹೊತ್ತ ಹನ್ನೆರಡು ಸಾವಿರ ಮಂದಿ ಇದ್ದರಂತೆ. ಅಗಸರಿದ್ದರು, ವರ್ತಕರಿದ್ದರು, ಪಾಳೆಯದಲ್ಲಿ ಬೀದಿಬೀದಿಗಳಾಗಿ ಸಂತೆ ನೆರೆಯುತ್ತಿತ್ತು. ಬೇಸಿಗೆಯ ರಾಯಚೂರನ್ನು ಕಂಡವರು ಈ ನೀರಿನವರ ದಂಡನ್ನು ಅತಿಶಯೋಕ್ತಿ ಎನ್ನಲಾರರು.

ಇಷ್ಟೆಲ್ಲ ಸಂಭಾರದ ನಡುವೆ, ಕುದುರೆಗಳನ್ನು ಮಾರಲು ಬಂದಿದ್ದ ಕ್ರಿಸ್ಟೊವಾವೊ ದ ಫಿಗೇರೆದೊ ಎಂಬುವನು ಇಪ್ಪತ್ತು ಮಂದಿ ಪೋರ್ಚುಗೀಸ್ ತುಪಾಕಿಯವರೊಡನೆ ರಾಯಚೂರು ಕೋಟೆಯ ಮುತ್ತಿಗೆಗೆ ಸೇರಿಕೊಂಡನು. ಕೋಟೆಯ ಗೋಡೆಯನ್ನು ಕೀಳಲು ಬಂದ ರಾಯನ ಆಳುಗಳು ಮೇಲಿನಿಂದ ಬೀಳುವ ಕಲ್ಲಿಗೂ ಬಾಣಕ್ಕೂ ಸಾಯುತ್ತಿದ್ದರಷ್ಟೆ. ಈ ತುಪಾಕಿಯವರು ಗೋಡೆಯ ಮೇಲೆ ತಲೆ ಎತ್ತಿದವರನ್ನೆಲ್ಲ ಗುರಿಯಿಟ್ಟು ಹೊಡೆಯತೊಡಗಿದ ಮೇಲೆ ಕೆಳಗಿನವರು ನಿರಾತಂಕವಾಗಿ ಕಲ್ಲು ಕಿತ್ತರು. ಏನಾಗುತ್ತಿದೆಯೆಂದು ನೋಡಲು ಬಗ್ಗಿದ ಕೋಟೆಯ ಅಧಿಪತಿಯ ಹಣೆಗೆ ಗುಂಡು ತಗುಲಿ ಅವನು ಮಡಿದನು. ಮರುದಿನ ಕೋಟೆ ಶರಣಾಯಿತು. ಇಂದಿನ ಆಟಗಾರನು ಕನಸು ಕಾಣುವ ಹೊಡೆತ ಇದೇ. ಆದರೆ ಆ ಒಂದು ಗುಂಡಿಗೆ ರಾಜ್ಯವನ್ನು ಅಲುಗಿಸುವ ಶಕ್ತಿ ಬಂದದ್ದು, ಅದರ ಹಿಂದೆ ನಿಂತಿದ್ದ ಹನ್ನೆರಡು ಸಾವಿರ ನೀರಿನ ಚೀಲಗಳಿಂದಲೂ, ಗೋಡೆ ಕೀಳುವ ಹಾರೆಗಳಿಂದಲೂ, ಅದಕ್ಕೆ ಮುನ್ನ ಬಯಲಿನಲ್ಲಿ ಸೋತು ಕೃಷ್ಣೆಯ ಕಡೆಗೆ ಓಡಿದ್ದ ಆದಿಲ್ ಷಹನಿಂದಲೂ. ಇದೇ ಗುಂಡು ಒಂಟಿಯಾಗಿ ಹಾರಿದ್ದರೆ ಒಬ್ಬ ಮನುಷ್ಯ ಸತ್ತನೆಂಬುದಷ್ಟೇ ಅದರ ಫಲವಾಗುತ್ತಿತ್ತು.

ಗೆದ್ದ ಮೇಲಿನ ನಡೆಯೂ ಯುದ್ಧದ ಒಂದು ಭಾಗವೆ. ಸಂಧಿಗೆ ಬಂದ ದೂತನೊಡನೆ ರಾಯನು, ಆದಿಲ್ ಷಹನು ಬಂದು ತನ್ನ ಪಾದಕ್ಕೆ ಮುತ್ತಿಡುವುದಾದರೆ ಎಲ್ಲವನ್ನೂ ಮರಳಿಸುವೆನೆಂದು ಹೇಳಿ ಕಳುಹಿಸಿದನೆಂದು ನ್ಯೂನಿಜನು ಬರೆದಿದ್ದಾನೆ. ಶತ್ರುವನ್ನು ಗೆಲ್ಲುವುದು ದಂಡದ ಕೆಲಸ, ಗೆದ್ದ ಶತ್ರುವು ಇನ್ನೊಬ್ಬ ಶತ್ರುವಿನೊಡನೆ ಕೂಡದಂತೆ ನೋಡಿಕೊಳ್ಳುವುದು ಮಿತ್ರಾಂಗದ ಕೆಲಸ. ಈ ಎರಡನೆಯದರಲ್ಲಿ ವಿಜಯನಗರವು ಸೋತಿತೆಂಬುದು 1565ರ ಜನವರಿಯಲ್ಲಿ, ತಮ್ಮತಮ್ಮೊಳಗೆ ಕಾದಾಡುತ್ತಿದ್ದ ಸುಲ್ತಾನರು ಒಂದಾಗಿ ರಕ್ಕಸತಂಗಡಿಯ ಕದನಕ್ಕೆ ಬಂದಾಗ ಸ್ಪಷ್ಟವಾಯಿತು. ಅದಾದ ಮೂರೇ ವರ್ಷಗಳಲ್ಲಿ, ಎಂದೂ ಬಗ್ಗದೆಂದು ರಾಯರು ನಂಬಿದ್ದ ಆದವಾನಿಯನ್ನು ಬಿಜಾಪುರದ ಅಂಕುಶಖಾನನು ಹಿಡಿದನು. ಬೆಟ್ಟ ಅದೇ, ಕೆರೆ ಅದೇ. ನೆರವಿಗೆ ಬರುವ ರಾಜಧಾನಿ ಮಾತ್ರ ಇರಲಿಲ್ಲ.

ಆದವಾನಿಯಲ್ಲಿದ್ದ ಬಿಜಾಪುರದ ಅಧಿಪತಿಗಳಲ್ಲಿ ಇಂದಿಗೂ ಜನರ ಬಾಯಲ್ಲಿರುವವನು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಸಿದ್ದಿ ಮಸೂದ್‌ಖಾನ್. ಆಫ್ರಿಕದ ಮೂಲದ ಸಿದ್ದಿಗಳ ಕುಲದವನಾದ ಇವನೇ ಊರಿನ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು; 1671ರಲ್ಲಿ ಬೃಂದಾವನಸ್ಥರಾದ ರಾಘವೇಂದ್ರಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ದತ್ತಿಯಾಗಿ ಬಿಟ್ಟುಕೊಟ್ಟವನೂ ಇವನೇ ಎಂದು ಮಠದ ಸಂಪ್ರದಾಯ. ಅಕ್ಷರವರಿಯದ ದನಗಾಹಿ ವೆಂಕಣ್ಣನು ಗುರುಗಳ ಸ್ಮರಣೆಯಿಂದ ನವಾಬನ ಮುಂದೆ ಪತ್ರವನ್ನು ಓದಿ, ಕಡೆಗೆ ಆದವಾನಿಯ ದಿವಾನನಾದ ಕಥೆಯನ್ನು ಮಂತ್ರಾಲಯಕ್ಕೆ ಹೋದವರೆಲ್ಲ ಕೇಳಿಯೇ ಇರುತ್ತಾರೆ. ಭಕ್ತರು ಅದರಲ್ಲಿ ಮಹಿಮೆಯನ್ನು ಕಾಣುತ್ತಾರೆ, ಅದು ಸಹಜ. ನಾನು ಅದರೊಳಗೆ ಇನ್ನೊಂದನ್ನೂ ಕಾಣುತ್ತೇನೆ: ಹೊಲದ ನಡುವೆ ಕುದುರೆ ನಿಲ್ಲಿಸಿದ ಅಧಿಪತಿಯ ಕೈಗೆ ಬಂದ ಒಂದು ಪತ್ರ, ಅದನ್ನು ಓದಬಲ್ಲವನಿಗಾಗಿ ತವಕ. ಒಂದು ಸೀಮೆಯನ್ನು ಆಳುವವನಿಗೆ ಕತ್ತಿಗಿಂತ ವಾರ್ತೆಯ ಹಸಿವು ಹೆಚ್ಚೆಂಬುದನ್ನು ಜನಪದದ ಕಲ್ಪನೆಯೂ ಮರೆಯಲಿಲ್ಲ.

1686ರಲ್ಲಿ ಬಿಜಾಪುರವೂ ಮರುವರ್ಷ ಗೋಲ್ಕೊಂಡೆಯೂ ಔರಂಗಜೇಬನ ವಶವಾದ ಮೇಲೆ ಮಸೂದನು ಸಮುದ್ರದ ನಡುವಣ ನಡುಗಡ್ಡೆಯವನಂತೆ ಒಬ್ಬಂಟಿಗನಾದನು. 1688ರಲ್ಲಿ ಮೊಗಲರ ಸೇನಾನಿ ಫಿರೂಜ್ ಜಂಗನು ಬಂದು ಮುತ್ತಿದನು. ಕೋಟೆಯನ್ನು ಬಲದಿಂದ ಮುರಿಯಲಾರದೆ, ಮಸೂದನು ತನ್ನ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ಮಸೀದಿಯ ಕಡೆಗೆ ಫಿರಂಗಿಗಳ ಬಾಯನ್ನು ತಿರುಗಿಸಿದನೆಂದೂ, ಅದನ್ನು ಕಂಡು ಮನಸ್ಸು ತಡೆಯದೆ ಮಸೂದನು ಶರಣಾದನೆಂದೂ ಕಥೆಯಿದೆ. ಕೋಟೆಗೆ ಇಮ್ತಿಯಾಜ್‌ಗಢವೆಂಬ ಹೊಸ ಹೆಸರು ಬಂದಿತು, ಆದರೆ ನಿಲ್ಲಲಿಲ್ಲ. ಮಸೀದಿಯು ಇಂದಿಗೂ ನಿಂತಿದೆ.

ಕೊನೆಯ ಮಹಾಪ್ರಸಂಗ 1786ರದು. ಆಗ ಆದವಾನಿಯು ಹೈದರಾಬಾದಿನ ನಿಜಾಮ ಅಲಿಯ ಸಹೋದರ ಬಸಾಲತ್ ಜಂಗನ ಮನೆತನದ ಜಹಗೀರು. ಬಸಾಲತ್ ಜಂಗನು ತೀರಿಕೊಂಡು, ಮಗ ಮಹಾಬತ್ ಜಂಗನು ಕೋಟೆಯಲ್ಲಿದ್ದನು. ಮರಾಠರೂ ನಿಜಾಮನೂ ಕೂಡಿ ತನ್ನ ಮೇಲೆ ಬರುತ್ತಿರುವುದನ್ನು ತಿಳಿದ ಟಿಪ್ಪುಸುಲ್ತಾನನು, ಅವರ ಮೇಲೆ ನೇರವಾಗಿ ಬೀಳದೆ, ಹೊಳೆಯ ದಕ್ಷಿಣಕ್ಕೆ ನಿಜಾಮನಿಗಿದ್ದ ಈ ಮುಖ್ಯ ದುರ್ಗದ ಮೇಲೆ ಬಿದ್ದನು. ಕೋಟೆಯಲ್ಲಿ ನಿಜಾಮನ ಬಂಧುಸ್ತ್ರೀಯರಿದ್ದುದರಿಂದ ಮಾನದ ಪ್ರಶ್ನೆ ಹುಟ್ಟಿತು. ಸಂಯುಕ್ತ ಸೇನೆಯು ಧಾವಿಸಿ ಬಂದು ಮುತ್ತಿಗೆಯನ್ನು ತೆರವುಗೊಳಿಸಿತು. ಅಲ್ಲಿಗೆ ಅವರೇ ಗೆದ್ದಂತಾಗಬೇಕಾಗಿತ್ತು. ಆದರೆ ಆರಿದ್ರೆಯ ಮಳೆಗೆ ಮಲೆನಾಡಿನಲ್ಲಿ ತುಂಗೆಯೂ ಭದ್ರೆಯೂ ಉಕ್ಕಿದರೆ, ಇಲ್ಲಿ ಹೊಳೆ ದಾಟುವುದು ತಿಂಗಳುಗಟ್ಟಲೆ ಅಸಾಧ್ಯ, ದಾಟದಿದ್ದರೆ ದವಸವಿಲ್ಲ. ಪ್ರವಾಹದ ಹೆದರಿಕೆಯಿಂದ ಅವರು ಮಹಾಬತ್ ಜಂಗನನ್ನೂ ಪರಿವಾರವನ್ನೂ ಕರೆದುಕೊಂಡು, ಕೋಟೆಯನ್ನು ಅದರ ಫಿರಂಗಿ ಉಗ್ರಾಣಗಳ ಸಹಿತ ಬಿಟ್ಟು, ಆಚೆಯ ದಡಕ್ಕೆ ಹೊರಟುಹೋದರು. ಬರಿದಾದ ದುರ್ಗವನ್ನು ಟಿಪ್ಪುವು ಹೊಕ್ಕು, ತೆನೆಗಳನ್ನು ಕೆಡವಿಸಿ, ಮದ್ದುಗುಂಡು ಫಿರಂಗಿಗಳನ್ನು ಗುತ್ತಿ ಬಳ್ಳಾರಿಗಳಿಗೆ ಸಾಗಿಸಿದನು. ಅಷ್ಟಕ್ಕೇ ನಿಲ್ಲದೆ, ಶತ್ರುಗಳು ಯಾವ ಪ್ರವಾಹವನ್ನು ತಮಗೆ ರಕ್ಷೆಯೆಂದು ನಂಬಿ ನಿಶ್ಚಿಂತರಾಗಿದ್ದರೋ ಅದನ್ನೇ ದೋಣಿ ಹರಿಗೋಲುಗಳಿಂದ ದಾಟಿ, ಮರಾಠರನ್ನು ಬೆರಗುಗೊಳಿಸಿ ಸವಣೂರಿನ ಕಡೆಗೆ ನಡೆದನು. ಒಂದೇ ಮುಂಗಾರಿನ ಒಂದೇ ಹೊಳೆ, ಒಬ್ಬರಿಗೆ ಪಲಾಯನಕ್ಕೆ ಕಾರಣ, ಇನ್ನೊಬ್ಬನಿಗೆ ಆಕ್ರಮಣಕ್ಕೆ ದಾರಿ. ಈ ದೇಶದ ಯುದ್ಧತಂತ್ರವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣಿಸಿಲ್ಲ.

ಮುಂದೆ ಸಂಧಿಯ ಮೂಲಕ ಆದವಾನಿಯು ನಿಜಾಮನಿಗೆ ಮರಳಿತು. 1800ರಲ್ಲಿ ನಿಜಾಮನು, ತನ್ನಲ್ಲಿದ್ದ ಕಂಪೆನಿಯ ಸೈನ್ಯದ ವೆಚ್ಚಕ್ಕೆಂದು, ದತ್ತಮಂಡಲಗಳೊಡನೆ ಇದನ್ನೂ ಇಂಗ್ಲಿಷರಿಗೆ ಬರೆದುಕೊಟ್ಟನು. ಮುಜಾಹಿದನು ಒಂಬತ್ತು ತಿಂಗಳು ಕುಳಿತು ಪಡೆಯದುದನ್ನು ಕಂಪೆನಿಯವರು ಒಂದು ಗುಂಡನ್ನೂ ಹಾರಿಸದೆ ಕಾಗದದ ಮೇಲೆ ಪಡೆದರು. ಆಮೇಲೆ ಏಳು ವರ್ಷ ಕಲೆಕ್ಟರನಾಗಿದ್ದ ತಾಮಸ್ ಮನ್ರೋ ಪಾಳೆಯಗಾರರನ್ನು ಅಡಗಿಸಿ, ಹೊಲಹೊಲವನ್ನೂ ಅಳೆಯಿಸಿ ಕಂದಾಯ ಕಟ್ಟಿದನು. ಅಂದಿನಿಂದ ಬೆಟ್ಟದ ಮೇಲಿನ ಕೋಟೆ ನಿರುಪಯೋಗಿಯಾಯಿತು.

ರಾಜ್ಯವನ್ನು ಕಳೆದುಕೊಂಡವರು ಆಟದಲ್ಲಿ ರಾಜ್ಯವನ್ನು ಕಟ್ಟಿದ ದೃಷ್ಟಾಂತವೂ ನಮ್ಮಲ್ಲಿದೆ. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಮನೆಗಳಲ್ಲಿ ಕುದುರೆಯನ್ನು ನಡೆಸುವ ಬಗೆಬಗೆಯ ಬಂಧಗಳನ್ನೂ, ಹಲಗೆಯ ಆಟಗಳನ್ನೂ, ಗಂಜೀಫದ ಎಲೆಗಳನ್ನೂ ಕಲ್ಪಿಸುವುದರಲ್ಲಿ ಮನಸ್ಸನ್ನು ತೊಡಗಿಸಿದರು. ಅದೇ ಶತಮಾನದ ಮೊದಲಲ್ಲಿ ಪ್ರಷ್ಯದ ರೈಸ್ವಿಟ್ಸರು, ತಂದೆ 1812ರಲ್ಲಿಯೂ ಮಗ 1824ರಲ್ಲಿಯೂ, ಸೇನಾಧಿಕಾರಿಗಳ ಶಿಕ್ಷಣಕ್ಕಾಗಿ ಯುದ್ಧದಾಟವೊಂದನ್ನು ರೂಪಿಸಿದ್ದರು. ಅದರಲ್ಲಿ ಭೂಪಟವಿತ್ತು, ಕಾಲದ ಅಳತೆಯಿತ್ತು, ಶತ್ರುವು ಎಲ್ಲಿರುವನೆಂದು ತಿಳಿಯದ ಅಜ್ಞಾನವೂ ಇತ್ತು. ಆ ಪರಂಪರೆ ಮುಂದೆ ಕಂಪ್ಯೂಟರಿನೊಳಗೆ ಸೇರಿ, 1991ರ ಸಿವಿಲೈಸೇಶನ್, 2000ದ ಯುರೋಪಾ ಯುನಿವರ್ಸಾಲಿಸ್ ಮೊದಲಾದ ಆಟಗಳಲ್ಲಿ ಕೋಶ, ಮಿತ್ರ, ಜನಪದಗಳನ್ನೆಲ್ಲ ಒಳಗೊಂಡಿತು. ಆದರೆ ಅಲ್ಲಿ ಕಾಲಾಳು ಬರಿಯ ಅಂಕೆ. ಅತ್ತ 1993ರ ಡೂಮ್‌ನಿಂದ ಪ್ರಸಿದ್ಧವಾದ ಬಂದೂಕಿನ ಆಟದಲ್ಲಿ ಕಾಲಾಳೇ ಸರ್ವಸ್ವ, ರಾಜ್ಯವು ಬರಿಯ ಹಿನ್ನೆಲೆಯ ಚಿತ್ರ.

ಈ ಎರಡನ್ನೂ ಕೂಡಿಸುವ ಪ್ರಯತ್ನಗಳಲ್ಲಿ ಕೆಲವನ್ನಾದರೂ ಹೇಳಬೇಕು. 2001ರ ವರ್ಲ್ಡ್ ವಾರ್ ಟು ಆನ್‌ಲೈನ್ ಎಂಬುದು ಪಶ್ಚಿಮ ಯೂರೋಪನ್ನೇ ರಣರಂಗವಾಗಿಸಿ, ಆಟಗಾರರಲ್ಲಿಯೇ ಸೇನಾನಿಗಳ ಮಂಡಲಿಯನ್ನು ನೇಮಿಸಿತು. 2012ರ ಪ್ಲಾನೆಟ್‌ಸೈಡ್ ಟು ಎಂಬುದರಲ್ಲಿ ಒಂದೇ ಕದನಕ್ಕೆ 1,158 ಮಂದಿ ಸೇರಿ 2015ರಲ್ಲಿ ಗಿನ್ನೆಸ್ ದಾಖಲೆಯಾಯಿತು. ಆದರೆ ಗೆದ್ದ ಭೂಖಂಡವು ಸ್ವಲ್ಪ ಹೊತ್ತು ಮುಚ್ಚಿದ್ದು ಮತ್ತೆ ತೆರೆದುಕೊಳ್ಳುವುದರಿಂದ, ಜಯಕ್ಕೆ ಮುಂದಿನ ದಿನವೆಂಬುದಿಲ್ಲ. ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆಯವರು ತಮ್ಮ ಈವ್ ಆನ್‌ಲೈನ್ ಎಂಬ ಆಕಾಶರಾಜ್ಯಗಳ ಆಟಕ್ಕೆ ಡಸ್ಟ್ 514 ಎಂಬ ಬಂದೂಕಿನ ಆಟವನ್ನು 2013ರಲ್ಲಿ ಕಟ್ಟಿದರು. ನೆಲದ ಸಿಪಾಯಿ ಕೂಗಿದರೆ ಆಕಾಶದ ನೌಕೆ ಬೆಂಕಿಯ ಮಳೆ ಸುರಿಸುತ್ತಿತ್ತು. ಕಲ್ಪನೆ ಭವ್ಯವಾದುದು. ಆದರೆ ಸಿಪಾಯಿಯ ಗೆಲುವು ನೌಕೆಯವನ ಬೊಕ್ಕಸವನ್ನು ಮುಟ್ಟಿದ್ದು ಅತ್ಯಲ್ಪವಾದುದರಿಂದ ಎರಡು ಲೋಕಗಳೂ ಬೆಸೆಯಲಿಲ್ಲವೆಂದು ನನ್ನ ಎಣಿಕೆ. 2016ರಲ್ಲಿ ಅದು ಮುಚ್ಚಿಹೋಯಿತು.

ಆದವಾನಿಯ ಕೋಟೆಗೆ ಅತ್ಯಂತ ಹತ್ತಿರ ಬಂದಿರುವುದು ಕೆನಡದಲ್ಲಿ ಹುಟ್ಟಿ, 2017ರಿಂದ ಜನರ ಕೈಸೇರಿ, 2022ರಲ್ಲಿ ಪೂರ್ಣರೂಪ ತಳೆದ ಫಾಕ್ಸ್‌ಹೋಲ್. ಅದರಲ್ಲಿ ಬಂದೂಕು ನೆಲದಲ್ಲಿ ಬಿದ್ದಿರುವುದಿಲ್ಲ. ಯಾರೋ ಒಬ್ಬ ಆಟಗಾರನು ಲೋಹದ ಚೂರನ್ನು ಅಗೆದು, ಇನ್ನೊಬ್ಬನು ಕಾರ್ಖಾನೆಯಲ್ಲಿ ಗುಂಡು ಮಾಡಿ, ಮತ್ತೊಬ್ಬನು ರಾತ್ರಿಯಿಡೀ ಲಾರಿ ನಡೆಸಿ ತಂದು ಹಾಕಬೇಕು. ಯುದ್ಧವು ಹಗಲಿರುಳೆನ್ನದೆ ವಾರಗಟ್ಟಲೆ ಸಾಗುತ್ತದೆ, ಕಳೆದುಕೊಂಡ ಊರು ಆ ಯುದ್ಧದಲ್ಲಿ ತಾನಾಗಿ ಮರಳಿ ಬಾರದು. 2022ರ ಮೊದಲಲ್ಲಿ ಅಲ್ಲಿಯ ಸಾಗಣೆಯ ಆಟಗಾರರು, ತಮ್ಮ ಕೆಲಸದ ಬೇಸರವನ್ನು ಆಟ ಕಟ್ಟಿದವರು ಕಡೆಗಣಿಸಿದ್ದಾರೆಂದು ಬಹಿರಂಗ ಪತ್ರ ಬರೆದು, ಸಂಘ ಕಟ್ಟಿ, ಮುಷ್ಕರ ಹೂಡಿದರು! ಕೃಷ್ಣದೇವರಾಯನ ನೀರಿನ ಚೀಲದವರು ಕನಸಿನಲ್ಲಿಯೂ ಮಾಡಲಾರದುದನ್ನು ಇವರು ಮಾಡಿದರು. ಇಷ್ಟರಮಟ್ಟಿಗೆ ಆಟವು ಚರಿತ್ರೆಗಿಂತ ನ್ಯಾಯವಂತವೆಂದು ಒಪ್ಪಬೇಕು.

ಇವೆಲ್ಲವನ್ನೂ ಕಂಡ ಮೇಲೆ ನನ್ನ ಅಭಿಪ್ರಾಯ ಇಷ್ಟು. ರಣರಂಗದ ಮೇಲೆ ಒಂದು ದೊಡ್ಡ ಭೂಪಟವನ್ನು ತೂಗುಹಾಕಿ, ಗೆದ್ದ ತಾಣಗಳಿಗೆ ಬಣ್ಣ ಬಳಿದು, ಒಬ್ಬನಿಗೆ ಸೇನಾಪತಿಯೆಂಬ ಬಿರುದು ಕೊಟ್ಟ ಮಾತ್ರಕ್ಕೆ ತಂತ್ರವು ಗಹನವಾಗದು. ಗುಂಡು ಮುಗಿಯಬೇಕು, ಮುಗಿದ ಗುಂಡನ್ನು ತರುವ ಹಾದಿಗೆ ಋತುವಿನ ಭಯವಿರಬೇಕು, ಮಾಡಿದ ಸಂಧಿಯನ್ನು ಮುರಿದರೆ ಮುಂದಿನ ಸಂಧಿಗೆ ಯಾರೂ ಬಾರದಂತಿರಬೇಕು. ಮುಖ್ಯವಾಗಿ, ಗುರಿಯಿಡುವ ಸಿಪಾಯಿಗೆ ತನ್ನ ಒಂದು ಹೊಡೆತವು ಯಾವ ಗೋಡೆಯ ಯಾವ ಕಲ್ಲನ್ನು ಸಡಿಲಿಸಿತೆಂಬುದು ಕಾಣಬೇಕು. ಆಟಕ್ಕೆ ಇಷ್ಟು ಹೊರೆ ಹೊರಿಸಿದರೆ ಅರ್ಧ ಗಂಟೆಯ ವಿನೋದ ಬಯಸುವವನು ಓಡಿಹೋಗುವನೆಂಬ ಆಕ್ಷೇಪ ನ್ಯಾಯವಾದುದೇ. ಅವನಿಗೆ ಅವನ ದ್ವೀಪವಿರಲಿ, ಮಿಕ್ಕವರಿಗೆ ಬೇರೊಂದು ಬಯಲಿರಲಿ.

ಬೆಂಗಳೂರಿನಲ್ಲಿ ಕುಳಿತು ಇಂತಹ ಆಟಗಳನ್ನು ಕಟ್ಟುತ್ತಿರುವ ಕನ್ನಡದ ತರುಣರು ಈಗ ಕಡಮೆಯಿಲ್ಲ. ಯೂರೋಪಿನ ಕಂದಕಗಳನ್ನೂ ಹೆಸರಿಲ್ಲದ ದ್ವೀಪಗಳನ್ನೂ ಬಿಡಿಸಿ ಬಿಡಿಸಿ ಅವರಿಗೂ ಬೇಸರವಾಗಿರಬಹುದು. ಕೃಷ್ಣೆಯಿಂದ ಆದವಾನಿಯವರೆಗಿನ ಈ ನೆಲವನ್ನು ಅವರು ತಮ್ಮ ರಣರಂಗವಾಗಿ ಆರಿಸಿಕೊಳ್ಳಲಿ. ಆದರೆ ಕೋಟೆಯ ಗೋಡೆಗಳನ್ನು ಚಿತ್ರಿಸುವ ಮುನ್ನ ತುಂಗಭದ್ರೆಗೆ ಯಾವ ನಕ್ಷತ್ರದಲ್ಲಿ ನೆರೆ ಬರುತ್ತದೆ, ಎರೆಯ ನೆಲದಲ್ಲಿ ಗಾಡಿ ಎಷ್ಟು ದಿನ ಹೂತುಕೊಳ್ಳುತ್ತದೆ, ಒಂದು ದಂಡಿಗೆ ದಿನಕ್ಕೆ ಎಷ್ಟು ಖಂಡುಗ ಜೋಳ ಬೇಕಾಗುತ್ತದೆ ಎಂಬುದನ್ನು ಮಾಧವರಂನಂತಹ ಊರುಗಳ ಹಳೆಯ ರೈತರನ್ನು ಕೇಳಿ ತಿಳಿದುಕೊಳ್ಳಲಿ ಎಂದು ಪ್ರಾರ್ಥಿಸುತ್ತೇನೆ.